ಕೆಂಟ್‌ನಲ್ಲಿರುವ ಕಾವ್ಯಳಿಗೆ

ಮೈಸೂರು

ಚಿ. ಕಾವ್ಯಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ನಿಮ್ಮ ವಿಶ್ವವಿದ್ಯಾಲಯದಲ್ಲಿ ಫೆಬ್ರವರಿ ತಿಂಗಳಿಡೀ ನಡೆಯುವ ಕಪ್ಪು ಜನರ ಇತಿಹಾಸ ಮಾಸದ (ಬ್ಲ್ಯಾಕ್ ಹಿಸ್ಟರಿ ಮಂತ್) ಕಾರ್ಯಕ್ರಮಗಳ ಬಗ್ಗೆ ಬರೆಯುತ್ತಾ, 'ಅದು ಕರಿಯರ ಹಬ್ಬ, ನಮಗೇನು ಕೆಲಸ' ಎಂದಿದ್ದೀಯೆ. ಓದಿ ನೋವಾಯಿತು. ಮೊದಲು ಆ ಪದವನ್ನು ಬಿಡು. ಅವರಿಗೆ ಕನ್ನಡ ತಿಳಿಯದಿದ್ದರೇನು, ನಿನಗೆ ತಿಳಿಯುತ್ತದಲ್ಲ.

ನೀನು ಓದುತ್ತಿರುವುದು ಅಮೆರಿಕದ ಕೆಂಟ್ ಸ್ಟೇಟ್‌ನಲ್ಲಿ, ಮಗಳೇ. ಗುಲಾಮರಾಗಿದ್ದ ತಂದೆತಾಯಿಗೆ ಹುಟ್ಟಿ, ಕಲ್ಲಿದ್ದಲ ಗಣಿಯಲ್ಲಿ ದುಡಿದು, ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದ ಕಾರ್ಟರ್ ವುಡ್‌ಸನ್ 1926ರಲ್ಲಿ ಈ ಆಚರಣೆಯನ್ನು ಒಂದು ವಾರಕ್ಕೆಂದು ಆರಂಭಿಸಿದರು. ಅದು ತಿಂಗಳಾಗಬೇಕೆಂದು 1969ರಲ್ಲಿ ಕೇಳಿ, 1970ರಲ್ಲಿ ಆಚರಿಸಿಯೂ ತೋರಿಸಿದವರು ನಿನ್ನದೇ ಕ್ಯಾಂಪಸ್ಸಿನ ಕಪ್ಪು ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ಅಮೆರಿಕದ ಅಧ್ಯಕ್ಷರು ಅದನ್ನು ಮಾನ್ಯ ಮಾಡಿದ್ದು 1976ರಲ್ಲಿ.

ರಜೆಗೆ ಹೋಗುತ್ತೀಯಲ್ಲ, ಆ ನಿನ್ನ ಸೋದರಮಾವ ಅಮೆರಿಕದಲ್ಲಿ ಮನೆ ಮಾಡಿಕೊಂಡದ್ದರ ಹಿಂದೆಯೂ ಕಪ್ಪು ಜನರ ಹೋರಾಟವಿದೆ. ಒಂದು ಕಾಲಕ್ಕೆ ಅಲ್ಲಿ ನೆಲೆಸಲು ಭಾರತೀಯರಿಗೆ ವರ್ಷಕ್ಕೆ ನೂರೇ ಜನರ ಕೋಟಾ ಇತ್ತು. ಜನಾಂಗ ನೋಡಿ ಅಳೆಯುವುದು ತಪ್ಪೆಂದು ಕಪ್ಪು ಜನರು ಬೀದಿಯಲ್ಲಿ ಪೆಟ್ಟು ತಿಂದು ಆ ದೇಶಕ್ಕೆ ಹೇಳಿದ ಕಾಲದಲ್ಲೇ, 1965ರ ಕಾನೂನು ಆ ಬಗೆಯ ಕೋಟಾಗಳನ್ನು ತೆಗೆಯಿತು.

ಇನ್ನೊಂದು ವಿಷಯ, ನಮ್ಮ ಊರಿನದು. ಮಾರ್ಟಿನ್ ಲೂಥರ್ ಕಿಂಗ್ ಗುರುವೆಂದು ಗೌರವಿಸುತ್ತಿದ್ದ ಕಪ್ಪು ಶಿಕ್ಷಣತಜ್ಞ ಬೆಂಜಮಿನ್ ಮೇಸ್, 1937ರಲ್ಲಿ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ವಿಶ್ವ ಸಮ್ಮೇಳನಕ್ಕೆಂದು ಮೈಸೂರಿಗೆ ಬಂದಿದ್ದರು. ಆ ಪ್ರವಾಸದಲ್ಲಿ 'ಅಸ್ಪೃಶ್ಯ' ಮಕ್ಕಳ ಶಾಲೆಯೊಂದರ ಮುಖ್ಯೋಪಾಧ್ಯಾಯರು ಅವರನ್ನು, ದೊಡ್ಡ ಸಾಧನೆ ಮಾಡಿದ ಒಬ್ಬ ಅಸ್ಪೃಶ್ಯರೆಂದೇ ಮಕ್ಕಳಿಗೆ ಪರಿಚಯಿಸಿದರು. ಮೇಸ್ ಅವರಿಗೆ ಮೊದಲು ಸಿಟ್ಟು ಬಂತಂತೆ. ಯೋಚಿಸಿದಾಗ ತನ್ನ ದೇಶದಲ್ಲಿ ತಾನೂ ಅದೇ ಎಂದು ಹೊಳೆಯಿತಂತೆ. ಮೂವತ್ತು ವರ್ಷ ಇದೇ ಊರಿನಲ್ಲಿ ಪಾಠ ಹೇಳಿದ ನಾನು ಒಂದು ತರಗತಿಯಲ್ಲೂ ಇದನ್ನು ಹೇಳಲಿಲ್ಲ. ಆಗ ನನಗೇ ಗೊತ್ತಿರಲಿಲ್ಲ. ಆ ಕೊರಗು ಇನ್ನೂ ಇದೆ.

ಊಟಕ್ಕೆ, ಹಾಡಿಗೆ ಮಾತ್ರ ಹೋಗಿ ಬಂದುಬಿಡಬೇಡ. ಉಪನ್ಯಾಸಕ್ಕೆ ಹೋಗು, ಹಿಂದಿನ ಸಾಲಿನಲ್ಲಾದರೂ ಕೊನೆಯವರೆಗೆ ಕೂತು ಕೇಳು. ಮುಂದಿನ ಸೆಮಿಸ್ಟರಿನಲ್ಲಿ ಕಪ್ಪು ಜನರ ಇತಿಹಾಸದ ಒಂದು ಕೋರ್ಸ್ ತೆಗೆದುಕೋ. ಶುಲ್ಕ ಹೆಚ್ಚಾದರೆ ನಾನು ಕಳುಹಿಸುತ್ತೇನೆ, ಅಪ್ಪನನ್ನು ಕೇಳಬೇಡ. ನಿನ್ನ ಕೋಣೆಯ ಗೆಳತಿಗೆ ಮೇಸ್ ಮೈಸೂರಿಗೆ ಬಂದ ಕಥೆ ಹೇಳು. ಅವಳು ಏನೆಂದಳು ಎಂದು ನನಗೆ ಬರೆ.

ಇಂತು,
ನಿನ್ನ ದೊಡ್ಡಮ್ಮ