ಇಂಧನದ ಸುದ್ದಿಯಲ್ಲಿ ಜನರ ಅಧ್ಯಯನಕ್ಕೂ ಜಾಗ ಕೊಡಿ

ಮಾನ್ಯ ಸಂಪಾದಕರೇ,

ಇಂಧನ ಮತ್ತು ಹವಾಮಾನಕ್ಕೆ ಸಂಬಂಧಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಅದು ಬಹುಮಟ್ಟಿಗೆ ಯಂತ್ರಗಳ ಸುದ್ದಿಯೇ ಆಗಿರುತ್ತದೆ. ಹೊಸ ಬಗೆಯ ಬ್ಯಾಟರಿ, ಹೆಚ್ಚು ದಕ್ಷತೆಯ ಸೌರಫಲಕ, ಹಸಿರು ಜಲಜನಕ, ಇಷ್ಟು ಮೆಗಾವಾಟ್ ಘಟಕಕ್ಕೆ ಶಂಕುಸ್ಥಾಪನೆ. ಇವೆಲ್ಲ ಬೇಕಾದ ಸುದ್ದಿಗಳೇ. ಆದರೆ ಆ ವಿದ್ಯುತ್ತನ್ನು ಬಳಸುವವರು, ಆ ಘಟಕದ ನೆರೆಯಲ್ಲಿ ಬಾಳುವವರು ಹೇಗೆ ಯೋಚಿಸುತ್ತಾರೆ, ಯಾವುದನ್ನು ಒಪ್ಪುತ್ತಾರೆ, ಯಾವುದಕ್ಕೆ ತಿರುಗಿ ಬೀಳುತ್ತಾರೆ ಎಂಬ ಬಗ್ಗೆ ದಶಕಗಳಿಂದ ನಡೆದಿರುವ ಅಧ್ಯಯನ ಓದುಗರನ್ನು ತಲುಪುವುದೇ ಅಪರೂಪ. ಇಂಧನ ನೀತಿಯನ್ನು ಪಾಠ ಹೇಳುವ ನನಗೆ ಈ ಕೊರತೆ ನಿಜಕ್ಕೂ ನೋವು ತರುತ್ತದೆ.

ಕೊರತೆ ಪತ್ರಿಕೆಗಳಿಂದಲೇ ಶುರುವಾದದ್ದಲ್ಲ. ಸಂಶೋಧನೆಗೆ ಹಣ ಹಂಚುವವರೇ ಈ ವಿಷಯವನ್ನು ಬದಿಗೆ ಸರಿಸಿದ್ದಾರೆ. ಇಂದ್ರಾ ಓವರ್‌ಲ್ಯಾಂಡ್ ಮತ್ತು ಬೆಂಜಮಿನ್ ಸೊವಾಕೂಲ್ ಎಂಬ ವಿದ್ವಾಂಸರು 2020ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 1990ರಿಂದ 2018ರವರೆಗೆ ಹವಾಮಾನ ಬದಲಾವಣೆಯ ಅಧ್ಯಯನಕ್ಕಾಗಿ ನಿಸರ್ಗ ವಿಜ್ಞಾನ ಮತ್ತು ತಂತ್ರಜ್ಞಾನ ಪಡೆದ ಹಣ ಸಮಾಜ ವಿಜ್ಞಾನಗಳು ಪಡೆದದ್ದಕ್ಕಿಂತ ಶೇ 770ರಷ್ಟು ಹೆಚ್ಚು. ಹಸಿರುಮನೆ ಅನಿಲಗಳ ಹೊರಸೂಸುವಿಕೆಯನ್ನು ತಗ್ಗಿಸಲು ಸಮಾಜ ಹೇಗೆ ಬದಲಾಗಬೇಕು ಎಂಬ ಪ್ರಶ್ನೆಗೆ ಸಿಕ್ಕಿದ್ದು ಒಟ್ಟು ಸಂಶೋಧನಾ ವೆಚ್ಚದಲ್ಲಿ ಶೇ 0.12 ಮಾತ್ರ. ಇನ್ನೊಂದೆಡೆ, ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ 2022ರ ತನ್ನ ವರದಿಯಲ್ಲಿ ಬೇಡಿಕೆ ಮತ್ತು ಸಾಮಾಜಿಕ ಅಂಶಗಳಿಗಾಗಿಯೇ ಮೊದಲ ಬಾರಿಗೆ ಒಂದು ಅಧ್ಯಾಯವನ್ನು ಮೀಸಲಿಟ್ಟು, ಬೇಡಿಕೆಯ ಕಡೆಯ ಕ್ರಮಗಳಿಂದ, ಅಂದರೆ ಬಳಸುವವರ ರೀತಿಯನ್ನು ಬದಲಿಸುವುದರಿಂದ, 2050ರ ವೇಳೆಗೆ ಕಟ್ಟಡ, ಸಾರಿಗೆ, ಆಹಾರದಂಥ ಅಂತಿಮ ಬಳಕೆಯ ವಲಯಗಳ ಹೊರಸೂಸುವಿಕೆಯನ್ನು ಶೇ 40ರಿಂದ 70ರಷ್ಟು ಇಳಿಸಲು ಸಾಧ್ಯ ಎಂದಿತು. ಇಷ್ಟು ದೊಡ್ಡ ಸಾಧ್ಯತೆಗೆ ಇಷ್ಟು ಚಿಕ್ಕ ಪಾಲು ಸಿಕ್ಕಿರುವುದು ಅನ್ಯಾಯ.

ಜನರ ವರ್ತನೆಯನ್ನು ಅಧ್ಯಯನ ಮಾಡುವಂಥದ್ದೇನಿದೆ, ಅದು ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಎಂದು ಕೇಳುವವರಿದ್ದಾರೆ. ಗೊತ್ತಿದೆ ಎಂದುಕೊಂಡದ್ದು ಎಷ್ಟು ಸಲ ತಪ್ಪಾಗಿದೆ ಎಂಬುದಕ್ಕೆ ಶಹಜೀನ್ ಅತ್ತಾರಿ ಮತ್ತು ಸಂಗಡಿಗರು ಅಮೆರಿಕದಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ನೋಡಬೇಕು. ಇಂಧನ ಉಳಿಸಲು ನೀವು ಮಾಡಬಹುದಾದ ಅತ್ಯಂತ ಪರಿಣಾಮಕಾರಿ ಕೆಲಸ ಯಾವುದು ಎಂದು ಕೇಳಿದಾಗ ಹೆಚ್ಚು ಸಲ ಬಂದ ಉತ್ತರ ದೀಪ ಆರಿಸುವುದು. ಒಳ್ಳೆಯ ದಕ್ಷತೆಯ ಉಪಕರಣವನ್ನು ಕೊಳ್ಳುವುದು ಎಂದವರು ಕಡಿಮೆ. ಬೇರೆ ಬೇರೆ ಉಪಕರಣಗಳು ಎಷ್ಟು ಇಂಧನ ನುಂಗುತ್ತವೆ, ಬೇರೆ ಬೇರೆ ಕ್ರಮಗಳಿಂದ ಎಷ್ಟು ಉಳಿಯುತ್ತದೆ ಎಂದು ಅಂದಾಜಿಸಲು ಹೇಳಿದಾಗ ಸರಾಸರಿಯಲ್ಲಿ ನಿಜವಾದ ಪ್ರಮಾಣಕ್ಕಿಂತ 2.8 ಪಟ್ಟು ಕಡಿಮೆ ಹೇಳಿದರು. ಸಣ್ಣ ಉಪಕರಣಗಳ ಅಂದಾಜು ಹೆಚ್ಚುಕಡಿಮೆ ಸರಿಯಿತ್ತು. ದೊಡ್ಡವುಗಳ ವಿಷಯದಲ್ಲೇ ಲೆಕ್ಕ ತೀರಾ ಎಡವಿತು. ಕಣ್ಣಿಗೆ ಬೆಳಗುವ ದೀಪ ನೆನಪಿಗೆ ಬರುತ್ತದೆ, ಸದ್ದಿಲ್ಲದೆ ನೀರು ಕಾಯಿಸುವ ಯಂತ್ರ ಬರುವುದಿಲ್ಲ. ಹೀಗಿರುವಾಗ ‘ದೀಪ ಆರಿಸಿ, ಭೂಮಿ ಉಳಿಸಿ’ ಎಂಬ ಧಾಟಿಯ ಪ್ರಚಾರ ಜನರ ಆ ತಪ್ಪು ಅಂದಾಜನ್ನೇ ಗಟ್ಟಿ ಮಾಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಇನ್ನೊಂದು ಪ್ರಯೋಗ ಇದಕ್ಕಿಂತ ಸೊಗಸಾದದ್ದು. ಕ್ಯಾಲಿಫೋರ್ನಿಯಾದ ಸ್ಯಾನ್ ಮಾರ್ಕೋಸ್ ಎಂಬಲ್ಲಿ ವೆಸ್ಲಿ ಶುಲ್ಟ್ಸ್ ಮತ್ತು ಸಂಗಡಿಗರು ಸುಮಾರು 290 ಮನೆಗಳ ಬಾಗಿಲಿಗೆ ಒಂದೊಂದು ಚೀಟಿ ತೂಗುಹಾಕಿದರು. ನಿಮ್ಮ ಮನೆ ಎಷ್ಟು ವಿದ್ಯುತ್ ಬಳಸಿದೆ, ನೆರೆಹೊರೆಯ ಸರಾಸರಿ ಎಷ್ಟು ಎಂಬ ಮಾಹಿತಿ ಅದರಲ್ಲಿತ್ತು. ಸರಾಸರಿಗಿಂತ ಹೆಚ್ಚು ಬಳಸುತ್ತಿದ್ದವರು ಬಳಕೆ ಇಳಿಸಿದರು. ಆದರೆ ಕಡಿಮೆ ಬಳಸುತ್ತಿದ್ದವರು ಏರಿಸಿಬಿಟ್ಟರು! ತಾವೇ ಇಷ್ಟೊಂದು ಬಿಗಿ ಹಿಡಿಯಬೇಕಾದ ಅಗತ್ಯವೇನು ಎಂದು ಅನ್ನಿಸಿರಬೇಕು. ಮಾಹಿತಿ ಕೊಟ್ಟರೆ ಸಾಕು, ಜನ ಸರಿದಾರಿಗೆ ಬರುತ್ತಾರೆ ಎಂದು ನಂಬಿದವರಿಗೆ ಇದು ದೊಡ್ಡ ಪಾಠ. ಕೆಲವು ಮನೆಗಳ ಚೀಟಿಯಲ್ಲಿ ಸಂಶೋಧಕರು ಇನ್ನೂ ಒಂದು ಗುರುತು ಸೇರಿಸಿದ್ದರು: ಕಡಿಮೆ ಬಳಸಿದವರಿಗೆ ನಗುಮುಖ, ಹೆಚ್ಚು ಬಳಸಿದವರಿಗೆ ಸಪ್ಪೆ ಮೋರೆ. ನಗುಮುಖ ಕಂಡ ಮನೆಗಳಲ್ಲಿ ಬಳಕೆ ಏರಲಿಲ್ಲ. ಒಂದು ಪುಟ್ಟ ಮೆಚ್ಚುಗೆ ಅಷ್ಟು ಕೆಲಸ ಮಾಡಿತು. ಇದು 2007ರಲ್ಲಿ ಪ್ರಕಟವಾಯಿತು.

ಅದೇ ಗುಂಪಿನವರು ಮರುವರ್ಷ ಪ್ರಕಟಿಸಿದ ಅಧ್ಯಯನದಲ್ಲಿ, ವಿದ್ಯುತ್ ಉಳಿಸಲು ನಿಮಗೆ ಪ್ರೇರಣೆ ಏನು ಎಂಬ ಪ್ರಶ್ನೆಗೆ ಪರಿಸರದ ಕಾಳಜಿ, ಹಣದ ಉಳಿತಾಯ ಮೊದಲಾದವಕ್ಕೆ ಜನ ಹೆಚ್ಚಿನ ಮಹತ್ವ ಕೊಟ್ಟರು. ನೆರೆಯವರು ಏನು ಮಾಡುತ್ತಾರೆ ಎಂಬುದಕ್ಕೆ ಎಲ್ಲಕ್ಕಿಂತ ಕಡಿಮೆ. ಆದರೆ ಉತ್ತರಿಸಿದವರ ನಡವಳಿಕೆಯ ಜೊತೆ ಹೋಲಿಸಿದಾಗ ಅತಿ ಹೆಚ್ಚು ತಾಳೆಯಾದದ್ದು ಆ ನೆರೆಯವರ ಅಂಶವೇ. ಆದ್ದರಿಂದ ಜನಾಭಿಪ್ರಾಯ ಕೇಳಿ ಅದರ ಮೇಲೆ ನೀತಿ ಕಟ್ಟುವವರು ಎಚ್ಚರಿಕೆಯಿಂದ ಇರಬೇಕಾಗುತ್ತದೆ. ಈ ಬಗೆಯ ಹೋಲಿಕೆಯ ವರದಿಯನ್ನು ಮುಂದೆ ಅಮೆರಿಕದ ಲಕ್ಷಾಂತರ ಮನೆಗಳಿಗೆ ಅಂಚೆಯಲ್ಲಿ ಕಳುಹಿಸಿದಾಗ ಸರಾಸರಿ ಶೇ 2ರಷ್ಟು ಬಳಕೆ ಇಳಿಯಿತು ಎಂದು ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ 2011ರಲ್ಲಿ ತೋರಿಸಿದರು. ಶೇ 2 ಜಗತ್ತನ್ನು ಉಳಿಸುವುದಿಲ್ಲ, ನಿಜ. ಆದರೆ ಒಂದೇ ಒಂದು ಹೊಸ ಕಂಬ ನೆಡದೆ, ಒಂದು ಅಡಿ ಜಮೀನು ಕೇಳದೆ ಸಿಕ್ಕ ಉಳಿತಾಯ ಅದು.

ಗಾಳಿಯಂತ್ರ, ಸೌರ ಸ್ಥಾವರಗಳಿಗೆ ವಿರೋಧ ಬಂದಾಗ ‘ಸ್ವಾರ್ಥಿ ಸ್ಥಳೀಯರು, ಅಭಿವೃದ್ಧಿ ವಿರೋಧಿಗಳು’ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸುವ ರೂಢಿಯಿದೆ. ಈ ವಿವರಣೆ ಟೊಳ್ಳು ಎಂದು ನೆದರ್‌ಲೆಂಡ್ಸ್‌ನ ಮಾರ್ಟಿನ್ ವೊಲ್ಸಿಂಕ್, ಬ್ರಿಟನ್ನಿನ ಪ್ಯಾಟ್ರಿಕ್ ಡಿವೈನ್-ರೈಟ್ ಮೊದಲಾದವರು ಬಹಳ ಹಿಂದೆಯೇ ಬರೆದಿದ್ದಾರೆ. ತೀರ್ಮಾನ ಆದ ಮೇಲೆ ತಿಳಿಸಿದರೇ, ಮೊದಲೇ ಕೇಳಿದರೇ, ಲಾಭದಲ್ಲಿ ಪಾಲಿದೆಯೇ, ಆ ನೆಲದ ಜೊತೆ ಜನರಿಗಿರುವ ನಂಟನ್ನು ಗೌರವಿಸಿದರೇ ಎಂಬವು ವಿರೋಧವನ್ನು ಹೆಚ್ಚಿಸುತ್ತವೆ ಅಥವಾ ತಗ್ಗಿಸುತ್ತವೆ. ಡೆನ್ಮಾರ್ಕ್‌ನ ರಾಜಧಾನಿ ಕೋಪನ್‌ಹೇಗನ್ ಎದುರಿನ ಕಡಲಿನಲ್ಲಿ 2000ದಲ್ಲಿ ಎದ್ದ ಮಿಡಲ್‌ಗ್ರುಂಡೆನ್‌ನ 20 ಗಾಳಿಯಂತ್ರಗಳ ಅರ್ಧ ಒಡೆತನ 8,000ಕ್ಕೂ ಹೆಚ್ಚು ಸದಸ್ಯರ ಸಹಕಾರ ಸಂಘದ್ದಾಗಿತ್ತು. ನಗರದ ಕಣ್ಣೆದುರಿಗೇ ಅಷ್ಟು ದೊಡ್ಡ ಯಂತ್ರಗಳು ನಿಂತವು. 2008ರ ಡೆನ್ಮಾರ್ಕ್ ಕಾನೂನು ಹೊಸ ಗಾಳಿಯಂತ್ರ ಯೋಜನೆಗಳಲ್ಲಿ ಕನಿಷ್ಠ ಶೇ 20ರಷ್ಟು ಪಾಲನ್ನು ಸ್ಥಳೀಯರಿಗೆ ಮಾರಾಟಕ್ಕೆ ಇಡಬೇಕೆಂದು ಕಡ್ಡಾಯ ಮಾಡಿತು. ಪಾಲು ಕೊಟ್ಟ ಮಾತ್ರಕ್ಕೆ ಎಲ್ಲ ಜಗಳ ತೀರುವುದಿಲ್ಲ. ಆದರೂ ವರದಿಗಾರರು ವಿರೋಧಿಗಳ ಕೂಗನ್ನಷ್ಟೇ ದಾಖಲಿಸಿ, ಅವರನ್ನು ಯಾವ ಹಂತದಲ್ಲಿ ಕೇಳಲಾಯಿತು ಎಂಬುದನ್ನು ಬಿಟ್ಟರೆ ಓದುಗರಿಗೆ ಸಿಗುವುದು ಅರ್ಧ ಸುದ್ದಿ.

ಅಂಕಿಗಳ ಬಗ್ಗೆಯೂ ಒಂದು ಮನವಿ. 100 ಮೆಗಾವಾಟ್ ಎಂಬ ಸ್ಥಾಪಿತ ಸಾಮರ್ಥ್ಯ ವರ್ಷವಿಡೀ ಪೂರ್ಣವಾಗಿ ದುಡಿದರೆ 87.6 ಕೋಟಿ ಯೂನಿಟ್ ವಿದ್ಯುತ್ ಬರುತ್ತದೆ. ಸೌರ ಘಟಕ ಅದರ ಐದನೇ ಒಂದು ಭಾಗದಷ್ಟು ಕೊಟ್ಟರೆ ಸುಮಾರು 17.5 ಕೋಟಿ ಯೂನಿಟ್. ಶೇ 80ರಷ್ಟು ದುಡಿಯುವ ಪರಮಾಣು ಸ್ಥಾವರದಿಂದ ಅದೇ 100 ಮೆಗಾವಾಟ್‌ಗೆ 70 ಕೋಟಿ. ಇದರಿಂದ ಸೌರಶಕ್ತಿ ಕೀಳಾಗುವುದಿಲ್ಲ, ಅದರ ವೆಚ್ಚದ ಲೆಕ್ಕವೇ ಬೇರೆ. ಆದರೆ ಎರಡನ್ನೂ ಬರೀ ಮೆಗಾವಾಟ್‌ನಲ್ಲಿ ಬರೆದಾಗ ಓದುಗ ದಾರಿ ತಪ್ಪುತ್ತಾನೆ, ಮುಂದೆ ಲೆಕ್ಕ ತಾಳೆಯಾಗದಿದ್ದಾಗ ಇಡೀ ಯೋಜನೆಯನ್ನೇ ಅನುಮಾನಿಸುತ್ತಾನೆ. ವರ್ಷಕ್ಕೆ ನಿರೀಕ್ಷಿತ ಯೂನಿಟ್‌ಗಳ ಸಂಖ್ಯೆಯನ್ನೂ ಜೊತೆಗೆ ಕೊಡಿ.

ನನ್ನ ಸಹೋದ್ಯೋಗಿಗಳ ಮೇಲೂ ದೂರಿದೆ. ಸಾರ್ವಜನಿಕರ ಹಣದಲ್ಲಿ ನಡೆದ ಎಷ್ಟೋ ಅಧ್ಯಯನಗಳು ದುಬಾರಿ ಚಂದಾದ ನಿಯತಕಾಲಿಕೆಗಳಲ್ಲಿ, ಓದಿಸಿಕೊಳ್ಳದ ಭಾಷೆಯಲ್ಲಿ ಹೂತುಹೋಗಿವೆ. ಬರೆದವರೇ ಒಂದು ಪುಟದ ಸಾರಾಂಶವನ್ನು ಜನರ ಭಾಷೆಯಲ್ಲಿ ಬರೆದು ಪತ್ರಿಕೆಗಳಿಗೆ ಕಳುಹಿಸುವುದು ಅವರ ಕೆಲಸದ ಭಾಗವೇ ಆಗಬೇಕು.

ನಿಮ್ಮ ವಿಜ್ಞಾನ ಪುಟದಲ್ಲಿ ತಿಂಗಳಿಗೊಮ್ಮೆ ಅಂಥ ಸಾರಾಂಶಕ್ಕೆ ಅರ್ಧ ಕಾಲಂ ಜಾಗ ಕೊಡಲು ಸಾಧ್ಯವೇ? ಅಧ್ಯಯನಕ್ಕೆ ಹಣ ಕೊಟ್ಟವರು ಯಾರು, ಎಷ್ಟು ಜನರನ್ನು, ಎಲ್ಲಿ, ಹೇಗೆ ಪರೀಕ್ಷಿಸಿದರು, ಅದರ ಫಲಿತಾಂಶ ಬೇರೆ ಕಡೆಗೆ ಅನ್ವಯವಾಗುತ್ತದೆಯೇ ಎಂಬುದನ್ನು ಬರಹದ ಕೊನೆಯಲ್ಲಿ ಸ್ಪಷ್ಟವಾಗಿ ಹೇಳಬೇಕೆಂಬುದು ನನ್ನ ಒಂದೇ ಷರತ್ತು. ಬರೆಯಲು, ಇತರರ ಬರಹವನ್ನು ತಿದ್ದಿಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ,
ನಿಮ್ಮ ವಿಶ್ವಾಸಿ,
ಇಂಧನ ನೀತಿಯ ಅಧ್ಯಾಪಕಿ