ಪುಟ್ಟನ ಧ್ಯಾನದ ಕೋರ್ಸು

ಮ್ಯಾಂಚೆಸ್ಟರ್

ಪ್ರೀತಿಯ ಅಕ್ಕನಿಗೆ,

ನಾನಿಲ್ಲಿ ಕ್ಷೇಮ. ಅಮ್ಮನ ಮಂಡಿನೋವು ಹೇಗಿದೆ? ಭಾವನಿಗೆ ನನ್ನ ನಮಸ್ಕಾರ ಹೇಳು.

ಪುಟ್ಟನನ್ನು ಧ್ಯಾನದ ಕೋರ್ಸಿಗೆ ಸೇರಿಸಬೇಕು ಅಂತ ಬರೆದಿದ್ದೆಯಲ್ಲ, ಆವತ್ತಿನಿಂದ ಅದೇ ಯೋಚನೆ. ಏಕಾಗ್ರತೆ ಬರುತ್ತೆ, ಸೆಕೆಂಡ್ ಪಿಯುಸಿಯಲ್ಲಿ ಅಂಕ ಜಾಸ್ತಿ ಆಗುತ್ತೆ ಅಂತ ಹೇಳಿದ್ದಾರೆ ಅಂದೆ. ಧ್ಯಾನ ಬೇಡ ಅನ್ನುವುದಿಲ್ಲ. ಆ ಅಂಕದ ಮಾತನ್ನು ಮಾತ್ರ ನಂಬಬೇಡ ಅಕ್ಕ.

ಮಕ್ಕಳಿಗೆ ಶಾಲೆಯಲ್ಲೇ ಧ್ಯಾನ ಕಲಿಸಿದರೆ ಏನಾಗುತ್ತೆ ಅಂತ ಈ ದೇಶದಲ್ಲಿ ದೊಡ್ಡದಾಗಿ ಪರೀಕ್ಷೆ ಮಾಡಿದ್ದಾರೆ. ಎಂಬತ್ತಕ್ಕೂ ಹೆಚ್ಚು ಶಾಲೆ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು. ಕೆಲವು ಶಾಲೆಗಳಲ್ಲಿ ಮೇಷ್ಟ್ರುಗಳೇ ತರಬೇತಿ ಪಡೆದು ‘ಮೈಂಡ್‌ಫುಲ್‌ನೆಸ್’, ಅಂದರೆ ಈ ಕ್ಷಣದ ಮೇಲೆ ಗಮನ ಇಡುವ ಧ್ಯಾನ, ಹೇಳಿಕೊಟ್ಟರು. 2022ರಲ್ಲಿ ಫಲಿತಾಂಶ ಬಂತು. ಕಲಿತ ಮಕ್ಕಳ ಮನಸ್ಸು ಉಳಿದವರಿಗಿಂತ ಹಗುರವೇನೂ ಆಗಿರಲಿಲ್ಲ. ಮನೆಯಲ್ಲಿ ಹೆಚ್ಚಿನವರು ಅಭ್ಯಾಸವನ್ನೇ ಮಾಡಿರಲಿಲ್ಲ. ಸಹಜ ಅಲ್ವಾ? ದೊಡ್ಡವರು ಹೇಳಿದರು ಅಂತ ಸುಮ್ನೆ ಕಣ್ಣು ಮುಚ್ಚಿದರೆ ಮನಸ್ಸು ಕೂರುತ್ತಾ?

ಅಮೆರಿಕದ ಹಾರ್ವರ್ಡ್‌ನವರು 2018ರಲ್ಲಿ ಹೇಳಿದ್ದು ಬೇರೆ. ಐದು ಸಾವಿರ ಹುಡುಗ ಹುಡುಗಿಯರನ್ನು ವರ್ಷಗಟ್ಟಲೆ ಗಮನಿಸಿದ್ದರು. ವಾರಕ್ಕೊಮ್ಮೆಯಾದರೂ ಚರ್ಚಿಗೋ ಪ್ರಾರ್ಥನೆಗೋ ಹೋಗುತ್ತಾ ಬೆಳೆದವರಲ್ಲಿ, ದೊಡ್ಡವರಾದ ಮೇಲೆ ‘ಸಂತೋಷವಾಗಿದ್ದೇನೆ’ ಅನ್ನುವ ಸಾಧ್ಯತೆ ಶೇ 18ರಷ್ಟು ಜಾಸ್ತಿ ಇತ್ತಂತೆ. ನಾಲ್ಕು ಜನರ ಜೊತೆ ಕೂರುವುದರಲ್ಲೇ ಏನೋ ಇದೆ ಅಂತ ನನಗೆ ಅನ್ನಿಸುತ್ತೆ.

ನಮ್ಮ ಆಸ್ಪತ್ರೆಯಲ್ಲಿ ಒಂದು ಪ್ರಾರ್ಥನಾ ಕೋಣೆ ಇದೆ. ನೈಟ್ ಡ್ಯೂಟಿಗೆ ಮುಂಚೆ ಹೋಗುತ್ತೇನೆ. ಬಾಗಿಲ ಹತ್ತಿರ ಚಪ್ಪಲಿ, ಬೂಟು ಎಲ್ಲಾ ಸಾಲಾಗಿ ಇರುತ್ತೆ. ಕೇರಳದ ಸಿಸ್ಟರ್ ಕೈಯಲ್ಲಿ ಜಪಮಾಲೆ. ಪಕ್ಕದಲ್ಲೇ ಸೊಮಾಲಿಯಾದ ಹುಡುಗಿ ಚಾಪೆ ಸುತ್ತಿಡುತ್ತಿರುತ್ತಾಳೆ. ನಾನು ಅಮ್ಮ ಕಲಿಸಿದ ಶ್ಲೋಕ ಹೇಳಿಕೊಳ್ಳುತ್ತೇನೆ. ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ಆದರೆ ರಾತ್ರಿ ವಾರ್ಡಿನಲ್ಲಿ ಕಷ್ಟ ಬಂದಾಗ ಮೊದಲು ಓಡಿ ಬರುವವರು ಅವರೇ. ಇದರಿಂದ ನನಗೇನೂ ಪ್ರಮೋಷನ್ ಸಿಕ್ಕಿಲ್ಲ. ಕೆಲಸ ಮಾಡುವಾಗ ಕೈ ನಡುಗುವುದಿಲ್ಲ, ಅಷ್ಟೇ. ನಮಗೆ ಪರೀಕ್ಷೆ ಇದ್ದಾಗ ಬಸವನಗುಡಿಯ ದೊಡ್ಡ ಗಣಪತಿ ಹತ್ತಿರ ಹಾಲ್ ಟಿಕೆಟ್ ಇಟ್ಟು ಪೂಜೆ ಮಾಡಿಸುತ್ತಿದ್ದೆವಲ್ಲ, ಆಗ ಸಿಗುತ್ತಿದ್ದ ಧೈರ್ಯವೂ ಇಂಥದ್ದೇ.

ಆಯ್ದಕ್ಕಿ ಲಕ್ಕಮ್ಮನ ಕಥೆ ಅಮ್ಮ ಹೇಳುತ್ತಿದ್ದರು. ಗಂಡ ಮಾರಯ್ಯ ಕಲ್ಯಾಣದಲ್ಲಿ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ದಿನದ ಅಳತೆಗಿಂತ ಜಾಸ್ತಿ ತಂದ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಅಂದಳು. ಅವರ ಕಾಯಕವೇ ಅವರ ಪೂಜೆ, ಅದರಲ್ಲಿ ಆಸೆ ಬೆರೆಸಲು ಅವಳು ಬಿಡಲಿಲ್ಲ. ಪುಟ್ಟನ ಧ್ಯಾನಕ್ಕೂ ಶೇಕಡಾ ತೊಂಬತ್ತೈದರ ಆಸೆ ಅಂಟಿಸಿಬಿಟ್ಟರೆ ಅದೂ ಅವನಿಗೆ ಇನ್ನೊಂದು ಟ್ಯೂಷನ್ ಆಗುತ್ತೆ.

ಅಮ್ಮನ ಭಜನಾ ಮಂಡಳಿಯಲ್ಲಿ ಅವನು ತಬಲಾ ಬಾರಿಸುತ್ತಿದ್ದನಲ್ಲ, ಪರೀಕ್ಷೆ ಅಂತ ಬಿಡಿಸಿದ್ದೀರಿ. ಶನಿವಾರ ಒಂದು ಗಂಟೆ ಅವನನ್ನು ಮತ್ತೆ ಕಳಿಸು. ರಾತ್ರಿ ಹನ್ನೊಂದಕ್ಕೆ ಮಲಗಲಿ. ಕೋರ್ಸು ಬೇಕೋ ಬೇಡವೋ ಅಂತ ಅವನನ್ನೇ ಕೇಳು. ದುಡ್ಡು ಕಟ್ಟುವ ಮೊದಲು ನನಗೊಂದು ಫೋನ್ ಮಾಡು, ಈ ಭಾನುವಾರ ನನಗೆ ರಜೆ.

ನಿನ್ನ ತಂಗಿ