ಸೋಮವಾರದ ರಜೆಯನ್ನು ಗಮನಿಸದೆ ರೂಪಿಸಿದ ದೆಹಲಿ ಪಾರಂಪರಿಕ ಪ್ರವಾಸದ ಕುರಿತು ದೂರು

ಇವರಿಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಮೂರು ದಿನಗಳ ದೆಹಲಿ ಪ್ರವಾಸದಲ್ಲಿ ರಾಷ್ಟ್ರೀಯ ವಸ್ತು ಸಂಗ್ರಹಾಲಯ ಹಾಗೂ ಕೆಂಪುಕೋಟೆಯನ್ನು ತೋರಿಸದೆ ಇದ್ದುದರ ಬಗ್ಗೆ ಮತ್ತು ಆ ದಿನದ ಶುಲ್ಕವನ್ನು ಹಿಂದಿರುಗಿಸುವ ಬಗ್ಗೆ.

ಮಾನ್ಯರೇ,

ಕಳೆದ ತಿಂಗಳ ಎರಡನೇ ಶನಿವಾರದಿಂದ ಸೋಮವಾರದವರೆಗೆ ತಮ್ಮ ಸಂಸ್ಥೆ ಏರ್ಪಡಿಸಿದ್ದ ದೆಹಲಿಯ ಪಾರಂಪರಿಕ ತಾಣಗಳ ಪ್ರವಾಸದಲ್ಲಿ ನಾನು ಮತ್ತು ನನ್ನ ತಾಯಿಯವರು ಭಾಗವಹಿಸಿದ್ದೆವು. ಇಬ್ಬರ ಪೂರ್ಣ ಶುಲ್ಕವನ್ನೂ ಎರಡು ತಿಂಗಳ ಮೊದಲೇ ಪಾವತಿಸಿದ್ದೆವು. ಹಿಂದಿರುಗಿದ ಮರುದಿನವೇ ಫೋನಿನಲ್ಲಿ ದೂರು ಹೇಳಿದ್ದೆನಾದರೂ, ಅದಕ್ಕೆ ಮಿಂಚಂಚೆಯಲ್ಲಿ ಬಂದ ಉತ್ತರ ಒಪ್ಪುವಂತಹದ್ದಲ್ಲದ ಕಾರಣ ನಡೆದ ಸಂಗತಿಯನ್ನು ಈಗ ವಿವರವಾಗಿ ಬರೆಯುತ್ತಿದ್ದೇನೆ.

ತಮ್ಮ ಕಾರ್ಯಕ್ರಮ ಪಟ್ಟಿಯಂತೆ ಶನಿವಾರ ಕುತುಬ್ ಮಿನಾರ್, ಭಾನುವಾರ ಹುಮಾಯೂನನ ಸಮಾಧಿ, ಸೋಮವಾರ ಬೆಳಿಗ್ಗೆ ಜನಪಥದ ರಾಷ್ಟ್ರೀಯ ವಸ್ತು ಸಂಗ್ರಹಾಲಯ, ಮಧ್ಯಾಹ್ನ ಕೆಂಪುಕೋಟೆ ಎಂದು ನಿಗದಿಯಾಗಿತ್ತು. ರಾಷ್ಟ್ರೀಯ ವಸ್ತು ಸಂಗ್ರಹಾಲಯಕ್ಕೂ ಕೆಂಪುಕೋಟೆಗೂ ಪ್ರತಿ ಸೋಮವಾರ ವಾರದ ರಜೆ. ಇದು ನಿನ್ನೆ ಮೊನ್ನೆ ಬಂದ ನಿಯಮವಲ್ಲ. ದೆಹಲಿಗೆ ಜನರನ್ನು ಕರೆದೊಯ್ಯುವುದನ್ನೇ ಕಸುಬು ಮಾಡಿಕೊಂಡವರಿಗೆ ಮೊಟ್ಟಮೊದಲು ತಿಳಿದಿರಬೇಕಾದ ಸಂಗತಿ. ಆದರೂ ಈ ಎರಡನ್ನೂ ಸೋಮವಾರಕ್ಕೇ ಇರಿಸಿದ ಪಟ್ಟಿಯನ್ನು ತಾವು ಅಚ್ಚು ಹಾಕಿಸಿ, ಅದನ್ನೇ ತೋರಿಸಿ ನಮ್ಮಿಂದ ಹಣ ಪಡೆದಿರಿ.

ಆ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಬಸ್ಸು ಸಂಗ್ರಹಾಲಯದ ಮುಂದೆ ನಿಂತಾಗ ಗೇಟು ಹಾಕಿತ್ತು. ಒಳಗಿದ್ದ ಕಾವಲುಗಾರ ಎದ್ದು ಬರಲೂ ಇಲ್ಲ, ಕುಳಿತಲ್ಲಿಂದಲೇ ಇಲ್ಲವೆಂಬಂತೆ ಕೈಯಾಡಿಸಿದ. ನನ್ನ ತಾಯಿಯವರು ಕನ್ನಡಕ ಸರಿಪಡಿಸಿಕೊಂಡು ಫಲಕದ ಮೇಲಿನ ಹಿಂದಿ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿ, ‘ಸೋಮವಾರ ಅಂತಿದೆಯಲ್ಲೋ’ ಎಂದರು. ಬಸ್ಸಿನಲ್ಲಿದ್ದ ಇಪ್ಪತ್ತಾರು ಮಂದಿಗೆ ಅಂದು ರಜೆಯೆಂಬುದು ತಿಳಿದದ್ದು ಹೀಗೆ. ತಮ್ಮ ಮಾರ್ಗದರ್ಶಿ ಆಗ ಫೋನಿನಲ್ಲಿ ಮಾತನಾಡುತ್ತಾ ರಸ್ತೆಯ ಆಚೆ ಬದಿಯಲ್ಲಿ ನಿಂತಿದ್ದರು.

ನಾವು ಈ ಪ್ರವಾಸವನ್ನು ಆರಿಸಿಕೊಂಡದ್ದೇ ಆ ಸಂಗ್ರಹಾಲಯದ ಹರಪ್ಪಾ ವಿಭಾಗಕ್ಕಾಗಿ. ಮೊಹೆಂಜೊದಾರೊದಲ್ಲಿ 1926ರಲ್ಲಿ ದೊರೆತ ಕಂಚಿನ ನರ್ತಕಿಯ ಪ್ರತಿಮೆ ಇರುವುದು ಅಲ್ಲಿ. ಶಾಲೆಯ ಪುಸ್ತಕದಲ್ಲಿ ಆ ಚಿತ್ರವನ್ನು ನೋಡಿದವರಿಗೆ ಅದೊಂದು ಆಳೆತ್ತರದ ವಿಗ್ರಹವೆನಿಸುತ್ತದೆ. ವಾಸ್ತವದಲ್ಲಿ ಅದರ ಎತ್ತರ ಸುಮಾರು 10.5 ಸೆಂ.ಮೀ. ಮಾತ್ರ. ಸೊಂಟದ ಮೇಲೆ ಕೈಯಿಟ್ಟು, ಎಡಗೈ ತುಂಬ ಬಳೆ ತೊಟ್ಟು, ಗಲ್ಲ ಎತ್ತಿ ನಿಂತಿರುವ ಆ ಹುಡುಗಿಯನ್ನು ಮೇಣದ ಮಾದರಿಯ ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ, ಆ ಜಾಗಕ್ಕೆ ಲೋಹ ಸುರಿಯುವ ವಿಧಾನದಿಂದ ಸುಮಾರು 4500 ವರ್ಷಗಳ ಹಿಂದೆ ಎರಕ ಹೊಯ್ದಿದ್ದಾರೆ. ಅಷ್ಟು ಪುಟ್ಟ ಮೂರ್ತಿಯಲ್ಲಿ ಅಷ್ಟು ಠೀವಿ ಹೇಗೆ ಬಂತೆಂಬುದು ಎದುರಿಗೆ ನಿಂತಾಗಲೇ ತಿಳಿಯುವಂಥದ್ದು, ಚಿತ್ರದಲ್ಲಿ ತಿಳಿಯುವುದಿಲ್ಲ. ಎಪ್ಪತ್ತೊಂದು ವರ್ಷದ ನನ್ನ ತಾಯಿಯವರು ಮಂಡಿನೋವನ್ನೂ ಲೆಕ್ಕಿಸದೆ ಹೊರಟದ್ದು ಅದಕ್ಕಾಗಿ. ಅವರು ಇನ್ನೊಮ್ಮೆ ಅಷ್ಟು ದೂರ ಪ್ರಯಾಣ ಮಾಡುವ ಸ್ಥಿತಿಯಲ್ಲಿಲ್ಲ.

ಕೆಂಪುಕೋಟೆಯ ವಿಷಯದಲ್ಲಿ ತಮ್ಮ ಉತ್ತರವು ‘ಹೊರನೋಟದ ವ್ಯವಸ್ಥೆ ಮಾಡಲಾಗಿತ್ತು’ ಎನ್ನುತ್ತದೆ. ರಸ್ತೆಯಲ್ಲಿ ಬಸ್ಸು ನಿಲ್ಲಿಸಿ ಹತ್ತು ನಿಮಿಷ ಗೋಡೆ ತೋರಿಸುವುದನ್ನು ಕೋಟೆಯ ಭೇಟಿ ಎಂದು ಹೇಗೆ ಒಪ್ಪುವುದು? 1648ರಲ್ಲಿ ಪೂರ್ಣಗೊಂಡ ಆ ಕೋಟೆಯ ದಿವಾನ್-ಎ-ಆಮ್ ಎಂಬ ಸಾರ್ವಜನಿಕ ದರ್ಬಾರು ಮಂಟಪ, ದಿವಾನ್-ಎ-ಖಾಸ್ ಎಂಬ ಖಾಸಗಿ ದರ್ಬಾರು ಮಂಟಪ, ಅರಮನೆಯ ಮಂಟಪಗಳ ನಡುವೆ ನೀರು ಹರಿಯಲೆಂದು ಕಟ್ಟಿದ ಕಾಲುವೆ, ಇವೆಲ್ಲ ಇರುವುದು ಗೋಡೆಯ ಒಳಗೆ. ಕೊನೆಯ ಮೊಘಲ್ ಬಾದಶಹ ಬಹಾದೂರ್ ಷಾ ಜಫರನ ವಿಚಾರಣೆ ನಡೆದದ್ದೂ, 1945ರಲ್ಲಿ ಆಜಾದ್ ಹಿಂದ್ ಫೌಜಿನ ಅಧಿಕಾರಿಗಳ ವಿಚಾರಣೆ ಆರಂಭವಾದದ್ದೂ ಗೋಡೆಯ ಒಳಗೆ. ಹೊರಗೆ ನಿಂತವರಿಗೆ ಕಾಣುವುದು ಕೆಂಪುಕಲ್ಲು ಮತ್ತು ಬೀಗ ಹಾಕಿದ ದಾರಿ.

ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರ ತಂದ ಸಂಗತಿಯೆಂದರೆ ಇದನ್ನು ಸರಿಪಡಿಸಲು ತಮಗೆ ಏನೂ ಖರ್ಚಾಗುತ್ತಿರಲಿಲ್ಲ. ಕುತುಬ್ ಮಿನಾರ್ ಮತ್ತು ಹುಮಾಯೂನನ ಸಮಾಧಿ ಸೋಮವಾರವೂ ತೆರೆದಿರುತ್ತವೆ. ಅವುಗಳಲ್ಲಿ ಒಂದನ್ನು ಸೋಮವಾರಕ್ಕೆ ಹಾಕಿ, ಸಂಗ್ರಹಾಲಯವನ್ನೂ ಕೋಟೆಯನ್ನೂ ಮೊದಲೆರಡು ದಿನಗಳಲ್ಲಿ ಹೊಂದಿಸಿದ್ದರೆ ಅದೇ ಬಸ್ಸು, ಅದೇ ಹೋಟೆಲು, ಅದೇ ಮೂರು ದಿನಗಳಲ್ಲಿ ನಾಲ್ಕೂ ತಾಣಗಳನ್ನು ನೋಡಬಹುದಿತ್ತು. ‘ಅನಿವಾರ್ಯ ಕಾರಣಗಳಿಂದ ತಾಣಗಳು ಬದಲಾಗಬಹುದು’ ಎಂಬ ಷರತ್ತನ್ನು ತಮ್ಮ ಸಿಬ್ಬಂದಿ ಉಲ್ಲೇಖಿಸಿದ್ದಾರೆ. ಪ್ರವಾಹವೋ ಮುಷ್ಕರವೋ ಆಗಿದ್ದರೆ ನಾನು ಆ ಮಾತನ್ನು ಗೌರವಿಸುತ್ತಿದ್ದೆ. ಪ್ರತಿ ವಾರ ತಪ್ಪದೆ ಬರುವ ಸೋಮವಾರ ಅನಿವಾರ್ಯ ಕಾರಣವಾಗಲಾರದು.

ಖಾಲಿಯಾದ ಆ ದಿನವನ್ನು ತುಂಬಿಸಿದ ರೀತಿಯನ್ನೂ ಹೇಳಲೇಬೇಕು. ಪಟ್ಟಿಯಲ್ಲಿ ಎಲ್ಲಿಯೂ ನಮೂದಿಸದ ಕರಕುಶಲ ವಸ್ತುಗಳ ಮಳಿಗೆಯೊಂದಕ್ಕೆ ನಮ್ಮನ್ನು ಕರೆದೊಯ್ದು ಎರಡು ಗಂಟೆ ಕೂರಿಸಲಾಯಿತು. ಶನಿವಾರ ಕುತುಬ್ ಮಿನಾರಿನ ಇಡೀ ಆವರಣಕ್ಕೆ ಸಿಕ್ಕಿದ್ದು ನಲವತ್ತು ನಿಮಿಷ.

ಆ ನಲವತ್ತು ನಿಮಿಷಗಳಲ್ಲಿ ಮಾರ್ಗದರ್ಶಿಯವರು ಅಲ್ಲಿನ ಕಬ್ಬಿಣದ ಸ್ತಂಭವನ್ನು ಎಂಟು ಲೋಹಗಳನ್ನು ಬೆರೆಸಿ ಮಾಡಿದ್ದಾರೆ, ಆದ್ದರಿಂದ ಅದು ತುಕ್ಕು ಹಿಡಿದಿಲ್ಲ ಎಂದು ವಿವರಿಸಿದರು. ಇದು ತಪ್ಪು. ಅದು ಬಡಿದು ಬೆಸೆದ ಕಬ್ಬಿಣ. ಅದರಲ್ಲಿ ರಂಜಕದ (ಫಾಸ್ಫರಸ್) ಅಂಶ ಹೆಚ್ಚಾಗಿರುವುದರಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಣಾ ಪದರ ಉಂಟಾಗಿದೆ ಎಂಬುದನ್ನು ಐಐಟಿ ಕಾನ್ಪುರದ ಲೋಹಶಾಸ್ತ್ರಜ್ಞ ಆರ್. ಬಾಲಸುಬ್ರಮಣ್ಯಂ ಅವರು ವಿವರವಾಗಿ ಅಧ್ಯಯನ ಮಾಡಿದ್ದಾರೆ. ನಮ್ಮ ಗುಂಪಿನಲ್ಲಿದ್ದ ಇಬ್ಬರು ಶಾಲಾ ಮಕ್ಕಳು ‘ಎಂಟು ಲೋಹ’ ಎಂದು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದುದನ್ನು ನೋಡಿ ನನಗೆ ಸಂಕಟವಾಯಿತು. ಅವರು ಅದನ್ನೇ ತರಗತಿಯಲ್ಲಿ ಹೇಳುತ್ತಾರೆ.

ಹುಮಾಯೂನನ ಸಮಾಧಿಯಲ್ಲಿ ಮುಖ್ಯ ಕಟ್ಟಡದ ಜಗತಿಗೆ ಹತ್ತುವ ಮೆಟ್ಟಿಲುಗಳು ಕಡಿದಾಗಿದ್ದು, ತಾಯಿಯವರಿಗೆ ಮೇಲೆ ಹೋಗಲಾಗಲಿಲ್ಲ. ಮೆಟ್ಟಿಲುಗಳಿಗೆ ತಾವು ಹೊಣೆಯಲ್ಲ. ಆದರೆ ಗಾಲಿಕುರ್ಚಿ ಬೇಕೆಂದು ಅರ್ಜಿಯಲ್ಲೇ ಬರೆದಿದ್ದೆ, ಆ ವಿಷಯ ಮಾರ್ಗದರ್ಶಿಯವರಿಗೆ ತಲುಪಿರಲೇ ಇಲ್ಲ. ಗಾಲಿಕುರ್ಚಿ ಇದ್ದಿದ್ದರೆ ಅವರು ಕನಿಷ್ಠ ಉದ್ಯಾನದ ದಾರಿಗಳಲ್ಲಿ ಸುತ್ತಿ, ಪ್ರವೇಶದ್ವಾರದ ಸಮೀಪದಲ್ಲೇ ಇರುವ ಈಸಾ ಖಾನನ ಎಂಟು ಮೂಲೆಯ ಸಮಾಧಿಯನ್ನು ಹೊರಗಿನಿಂದಲಾದರೂ ನೋಡಬಹುದಿತ್ತು. ಅದರ ಬದಲು ಒಂದು ಗಂಟೆ ಕಲ್ಲುಬೆಂಚಿನ ಮೇಲೆ ಒಬ್ಬರೇ ಕುಳಿತಿದ್ದರು. ವಸತಿ ಮತ್ತು ಊಟದ ಬಗ್ಗೆ ನನ್ನ ದೂರಿಲ್ಲ. ಚಾಲಕರಂತೂ ತಾಯಿಯವರನ್ನು ಪ್ರತಿ ಬಾರಿಯೂ ಕೈಹಿಡಿದು ಇಳಿಸಿದರು, ಅವರಿಗೆ ನಮ್ಮ ಕೃತಜ್ಞತೆಯನ್ನು ದಯವಿಟ್ಟು ತಿಳಿಸಿ.

ಆದ್ದರಿಂದ ಮೂರನೆಯ ದಿನಕ್ಕೆ ಸಂಬಂಧಿಸಿದ ಶುಲ್ಕವನ್ನು, ಎರಡೂ ತಾಣಗಳ ಪ್ರವೇಶ ಶುಲ್ಕವೆಂದು ಪಡೆದ ಹಣವನ್ನೂ ಸೇರಿಸಿ, ನಮ್ಮಿಬ್ಬರಿಗೆ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಇದರಷ್ಟೇ ಮುಖ್ಯವಾಗಿ, ತಮ್ಮ ಜಾಲತಾಣದಲ್ಲಿ ಇಂದಿಗೂ ಅದೇ ಪಟ್ಟಿ ಅದೇ ಕ್ರಮದಲ್ಲಿದ್ದು, ಮುಂದಿನ ತಂಡಕ್ಕೆ ನೋಂದಣಿ ನಡೆಯುತ್ತಿದೆ. ಅದನ್ನು ತಕ್ಷಣ ತಿದ್ದಿ, ಈಗಾಗಲೇ ಹಣ ಕಟ್ಟಿದವರಿಗೆ ಬದಲಾವಣೆಯನ್ನು ತಿಳಿಸಬೇಕು. ಹದಿನೈದು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ, ಸೇವಾ ನ್ಯೂನತೆಯ ಆಧಾರದ ಮೇಲೆ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಅಡಿಯಲ್ಲಿ ನಾನು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸುತ್ತೇನೆ. ಹಣ ಪಾವತಿಯ ರಸೀದಿ, ಅಚ್ಚಾದ ಕಾರ್ಯಕ್ರಮ ಪಟ್ಟಿ, ಗಾಲಿಕುರ್ಚಿಯ ಕೋರಿಕೆಯಿರುವ ಅರ್ಜಿ ಮತ್ತು ಆ ಸೋಮವಾರ ಮುಚ್ಚಿದ್ದ ಗೇಟಿನ ಎರಡು ಛಾಯಾಚಿತ್ರಗಳನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇಂತಿ,
ತಮ್ಮ ವಿಶ್ವಾಸಿ,
(ಸಹಿ)